ಕಿಡಿಗೆ ಜಾಗ ಕೊಡಬೇಡಿ: ಕಾಡ್ಗಿಚ್ಚಿನಿಂದ ಮನೆ ಉಳಿಸಿಕೊಳ್ಳುವುದು ಹೇಗೆ?

2025ರ ಜನವರಿ 7ರ ಬೆಳಿಗ್ಗೆ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್ ಬೆಟ್ಟದಲ್ಲಿ ಬೆಂಕಿ ಎದ್ದಿತು. ಸಂಜೆ ಹೊತ್ತಿಗೆ ಈಟನ್ ಕಣಿವೆಯಲ್ಲಿ ಇನ್ನೊಂದು ಶುರುವಾಗಿ ಆಲ್ಟಡೀನಾ ಊರಿನ ಕಡೆ ನುಗ್ಗಿತು. ಅಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಮಳೆ ಬಿದ್ದಿರಲಿಲ್ಲ. ಮರುಭೂಮಿಯ ಕಡೆಯಿಂದ ಬೀಸುವ ಸಾಂಟಾ ಆನಾ ಗಾಳಿಯ ವೇಗ ಕೆಲವು ಕಡೆ ಗಂಟೆಗೆ 130 ಕಿಲೋಮೀಟರ್ ದಾಟಿತ್ತು. ತಿಂಗಳ ಕೊನೆಗೆ ಎರಡೂ ಬೆಂಕಿ ಪೂರ್ತಿ ಹತೋಟಿಗೆ ಬಂದಾಗ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋಗಿದ್ದವು. ಸುಮಾರು 30 ಜನ ಸತ್ತಿದ್ದರು.

ಜನರ ಸಿಟ್ಟು ಮೊದಲು ತಿರುಗಿದ್ದು ನೀರಿನ ಕಡೆಗೆ. ಪ್ಯಾಲಿಸೇಡ್ಸ್‌ನ ಎತ್ತರದ ಬೀದಿಗಳಲ್ಲಿ ಅಗ್ನಿಶಾಮಕ ದಳ ನೀರು ಹಿಡಿಯುವ ಹೈಡ್ರಂಟ್‌ಗಳು ಒಣಗಿದ್ದವು. ಅಲ್ಲೇ ಮೇಲಿದ್ದ ಸಾಂಟಾ ಇನೆಜ್ ಜಲಾಶಯ ರಿಪೇರಿಗೆಂದು ಖಾಲಿಯಾಗಿತ್ತು. ಆಗಿನ್ನೂ ಅಧಿಕಾರ ಹಿಡಿಯದಿದ್ದ ಡೊನಾಲ್ಡ್ ಟ್ರಂಪ್, ಸ್ಮೆಲ್ಟ್ ಎಂಬ ಪುಟ್ಟ ಮೀನು ಉಳಿಸಲು ಹೋಗಿ ಕ್ಯಾಲಿಫೋರ್ನಿಯಾದ ಗವರ್ನರ್ ನೀರು ತಡೆದರು ಎಂದರು. ನಿಜ ನೋಡಿದರೆ ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ಜಲಾಶಯಗಳಲ್ಲಿ ನೀರು ಸಾಕಷ್ಟಿತ್ತು. ಆದರೆ ಒಂದೇ ರಾತ್ರಿಯಲ್ಲಿ ಇಡೀ ಬಡಾವಣೆ ಉರಿದರೆ ಅಷ್ಟು ನೀರನ್ನು ಒಟ್ಟಿಗೆ ಗುಡ್ಡ ಹತ್ತಿಸಬಲ್ಲ ಪೈಪು ಅಲ್ಲಿರಲಿಲ್ಲ. ಊರಿನ ಪೈಪುಗಳನ್ನು ಹಾಕಿರುವುದು ಒಂದೋ ಎರಡೋ ಮನೆಗೆ ಬೆಂಕಿ ಬಿದ್ದರೆ ಆರಿಸಲು.

ಉಳಿದ ಗದ್ದಲವೂ ಕಡಿಮೆಯೇನಿರಲಿಲ್ಲ. ಹಾಲಿವುಡ್ ಫಲಕ ಹೊತ್ತಿ ಉರಿಯುತ್ತಿರುವ ಸುಳ್ಳು ಚಿತ್ರ ಎಲ್ಲರ ಫೋನಿಗೂ ಬಂತು. ಜನವರಿ 9ರಂದು ಸುಮಾರು 1 ಕೋಟಿ ಜನರಿರುವ ಇಡೀ ಲಾಸ್ ಏಂಜಲೀಸ್ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ‘ಮನೆ ಬಿಡಲು ಸಿದ್ಧರಾಗಿ’ ಎಂಬ ಎಚ್ಚರಿಕೆ ತಪ್ಪಾಗಿ ಹೋಯಿತು. ಅದೇ ದಿನ ಯಾರೋ ಹಾರಿಸಿದ ಡ್ರೋನ್ ಬೆಂಕಿ ಆರಿಸುವ ವಿಮಾನಕ್ಕೆ ಬಡಿದು ರೆಕ್ಕೆಯಲ್ಲಿ ತೂತಾಯಿತು. ಒಂದು ಮಾತು ಮಾತ್ರ ಪ್ರತಿ ದೊಡ್ಡ ಬೆಂಕಿಯ ನಂತರವೂ ಕೇಳಿಬರುತ್ತದೆ. ‘ಮನೆ ಬೂದಿಯಾಗಿದೆ, ಪಕ್ಕದ ಮರ ಹಸಿರಾಗಿಯೇ ನಿಂತಿದೆ. ಇದು ಕಾಡಿನ ಬೆಂಕಿಯಲ್ಲ, ಯಾರೋ ಲೇಸರ್ ಬಿಟ್ಟಿದ್ದಾರೆ!’

ಲೇಸರ್ ಮಾತು ಬಿಡಿ. ಮರ ನಿಂತು ಮನೆ ಸುಟ್ಟಿದ್ದೇಕೆ ಎಂಬ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಮನೆ ಉಳಿಸಿಕೊಳ್ಳುವ ದಾರಿ ಅದರ ಉತ್ತರದಲ್ಲೇ ಇದೆ.

ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಜ್ಯಾಕ್ ಕೋಹೆನ್ ಇದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ಕೆನಡಾದ ಕಾಡಿನಲ್ಲಿ ಬೇಕೆಂದೇ ದೊಡ್ಡ ಬೆಂಕಿ ಹಚ್ಚಿ, ಎದುರಿಗೆ ಮರದ ಗೋಡೆಗಳನ್ನು ನಿಲ್ಲಿಸಿ ಪರೀಕ್ಷಿಸಿದರು. ಮರದ ತುದಿಯವರೆಗೂ ಜ್ವಾಲೆ ಎದ್ದರೂ 30 ಮೀಟರ್ ದೂರದ ಗೋಡೆ ಹೊತ್ತಿಕೊಳ್ಳಲಿಲ್ಲ. ಹಾಗಾದರೆ ಸಾಲುಸಾಲು ಮನೆ ಸುಡುವುದು ಹೇಗೆ? ಕಿಡಿಯಿಂದ. ಗಾಳಿಗೆ ಹೊಟ್ಟು ತೂರಿದ ಹಾಗೆ ಕೆಂಡದ ಚೂರುಗಳು ಹಾರಿ ಬರುತ್ತವೆ. ಬೆಂಕಿ ಒಂದು ಮೈಲಿ ಆಚೆ ಇರುವಾಗಲೇ ನಿಮ್ಮ ಅಂಗಳದಲ್ಲಿ ಬಿದ್ದಿರುತ್ತವೆ. ಹಸಿ ಮರದಲ್ಲಿ ನೀರಿದೆ, ಕಿಡಿಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ಮನೆಯಲ್ಲಿರುವುದು ಒಣಗಿದ ಮರ, ಪ್ಲಾಸ್ಟಿಕ್, ಸೋಫಾ. ಒಂದು ಮನೆ ಹತ್ತಿತೆಂದರೆ ಅದರ ಶಾಖವೇ ಪಕ್ಕದ ಮನೆಯನ್ನು ಹಚ್ಚುತ್ತದೆ.

ಹವಾಯಿಯ ಲಹೈನಾ ಊರು 2023ರ ಆಗಸ್ಟ್ 8ರಂದು ಸುಟ್ಟಾಗ ಸುತ್ತಲಿನ ಬೂದಿಯ ನಡುವೆ ಕೆಂಪು ಚಾವಣಿಯ ಒಂದು ಮನೆ ಮಾತ್ರ ಹಾಗೇ ನಿಂತಿತ್ತು. ಫೋಟೊ ನೋಡಿದವರು ಫೋಟೊಶಾಪ್ ಎಂದರು. ಸುಮಾರು 100 ವರ್ಷ ಹಳೆಯ ಮರದ ಮನೆ ಅದು. ಮಾಲೀಕರು ಸ್ವಲ್ಪ ಹಿಂದೆ ಚಾವಣಿಗೆ ದಪ್ಪ ಲೋಹದ ಶೀಟು ಹೊದಿಸಿದ್ದರು. ಗೋಡೆಯ ಬುಡದ ಗಿಡಗಳನ್ನು ಕಿತ್ತು ಹೊಳೆಗಲ್ಲು ಹಾಸಿದ್ದರು. ಅದೂ ಬೆಂಕಿಗೆ ಹೆದರಿ ಅಲ್ಲ, ಗೆದ್ದಲಿನ ಕಾಟಕ್ಕೆ!

ಮೊದಲು, ಗೋಡೆಯಿಂದ ಐದು ಅಡಿ

ಒಂದೇ ಕೆಲಸಕ್ಕೆ ಪುರುಸೊತ್ತು ಇದ್ದರೆ ಇದನ್ನೇ ಮಾಡಿ. ಮನೆಯ ಗೋಡೆಯಿಂದ ಸುತ್ತಲೂ ಐದು ಅಡಿ ಜಾಗದಲ್ಲಿ ಹೊತ್ತಿಕೊಳ್ಳುವ ಒಂದು ವಸ್ತುವೂ ಇರಬಾರದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ‘ಜೋನ್ ಜೀರೊ’ ಎನ್ನುತ್ತಾರೆ.

ಗಾಳಿಯಲ್ಲಿ ಬಂದ ಕಿಡಿ ಗೋಡೆಗೆ ಬಡಿದು ಬುಡದಲ್ಲಿ ಗುಡ್ಡೆಯಾಗುತ್ತದೆ. ಅಲ್ಲಿ ಏನಿದೆ ನೋಡಿ. ಗಿಡದ ಬುಡಕ್ಕೆ ಹಾಕಿದ ಮರದ ಚಕ್ಕೆ, ಉದುರಿದ ಎಲೆ, ಕಿಟಕಿಯ ಕೆಳಗಿನ ಪೊದೆ, ಮೂಲೆಯಲ್ಲಿ ಒಟ್ಟಿದ ರಟ್ಟಿನ ಡಬ್ಬಿ. ಎಲ್ಲವನ್ನೂ ತೆಗೆದು ಜಲ್ಲಿಯನ್ನೋ ಕಲ್ಲನ್ನೋ ಹಾಸಿ. ಸಿಮೆಂಟು ಆದರೂ ಸರಿ.

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಇನ್ನೂ ಎರಡು ವಸ್ತು ಇರುತ್ತವೆ. ಬಾಗಿಲಲ್ಲಿ ತೆಂಗಿನ ನಾರಿನ ಕಾಲೊರಸು, ಮೇಲೆ ಯುಗಾದಿಗೆ ಕಟ್ಟಿ ದೀಪಾವಳಿಯವರೆಗೂ ಬಿಚ್ಚದ ಮಾವಿನ ತೋರಣ. ಎರಡೂ ಕಿಡಿಗೆ ಹೇಳಿ ಮಾಡಿಸಿದ್ದು. ಬೆಂಕಿಯ ಕಾಲದಲ್ಲಿ ಒಳಗೆ ತೆಗೆದಿಡಿ. ಗೋಡೆಗೆ ಆನಿಸಿಟ್ಟ ತುಳಸಿ, ಕರಿಬೇವಿನ ಕುಂಡಗಳನ್ನೂ ದೂರ ಸರಿಸಿ. ಕುಂಡ ಪ್ಲಾಸ್ಟಿಕ್‌ನದಾದರೆ ಅದೇ ಕರಗಿ ಉರಿಯುತ್ತದೆ.

ಈ ಐದು ಅಡಿಯ ವಿಷಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಜಗಳವೇ ನಡೆದಿದೆ. ಕಾನೂನು ಬಂದದ್ದು 2020ರಲ್ಲಿ. ಲಾಸ್ ಏಂಜಲೀಸ್ ಸುಟ್ಟ ಮೇಲೆ ಗವರ್ನರ್ ಗ್ಯಾವಿನ್ ನ್ಯೂಸಮ್, ನಿಯಮಗಳನ್ನು ಬೇಗ ಮುಗಿಸಿ ಎಂದು 2025ರ ಫೆಬ್ರವರಿಯಲ್ಲಿ ಆದೇಶಿಸಿದರು. ಸಾರ್ವಜನಿಕ ಸಭೆಗಳಲ್ಲಿ ಜನ ತಿರುಗಿಬಿದ್ದರು. ನೆರಳು ಹೋಗುತ್ತದೆ, ಮರೆ ಹೋಗುತ್ತದೆ, ಖರ್ಚು ಜಾಸ್ತಿ, ನೀರು ಹಾಕಿ ಬೆಳೆಸಿದ ಹಸಿರು ಗಿಡ ಹೊತ್ತಿಕೊಳ್ಳುವುದೇ ಇಲ್ಲ ಎಂಬ ವಾದ. ಎತ್ತರದ, ಆರೋಗ್ಯವಂತ ಮರದ ವಿಷಯದಲ್ಲಿ ಈ ವಾದಕ್ಕೆ ಸ್ವಲ್ಪ ತೂಕವಿದೆ. ಕಿಟಕಿಯ ಕೆಳಗಿನ ಪೊದೆಯ ಪರವಾಗಿ ನನಗಂತೂ ಹೇಳಲು ಏನೂ ತೋಚುವುದಿಲ್ಲ. ಮೇಲೆ ಹಸಿರು, ಒಳಗೆ ಪೂರ್ತಿ ಒಣ ಕಡ್ಡಿ.

ಮಲೆನಾಡಿನವರಿಗೆ ಈ ಕೆಲಸ ಹೊಸದಲ್ಲ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆ ಬೆಂಕಿ ದಾಟದಂತೆ ನೆಲ ಸವರಿ ಬೆಂಕಿ ರೇಖೆ ತೆಗೆಯುವುದನ್ನು ನೋಡಿದವರೇ. ನಮ್ಮ ಕಾಡಿನ ಬೆಂಕಿ ಹೆಚ್ಚಾಗಿ ನೆಲದ ತರಗೆಲೆಯಲ್ಲಿ ಹರಿಯುತ್ತದೆ. ಹಾಗಾಗಿ ಬೆಟ್ಟದಂಚಿನ ಮನೆಯವರು ಕೊಟ್ಟಿಗೆಗೆ ದರಕು ಗುಡಿಸಿ ತರುತ್ತಿದ್ದದ್ದು ಮನೆಗೂ ಕಾವಲಾಗಿತ್ತು. ಈಗ ದನ ಕಡಿಮೆಯಾಗಿವೆ, ದರಕು ಅಲ್ಲೇ ಬಿದ್ದಿರುತ್ತದೆ. ಹುಲ್ಲಿನ ಗೊಣಬೆ, ಅಡಿಕೆ ಸಿಪ್ಪೆಯ ರಾಶಿ, ಸೌದೆ ಇವನ್ನು ಮನೆಗೆ ತಾಗಿಸಿ ಇಡದಿದ್ದರೆ ಅರ್ಧ ಕೆಲಸ ಆದಂತೆ.

ಚಾವಣಿ ಮತ್ತು ಗಾಳಿಕಿಂಡಿ

ಅಮೆರಿಕದ ಮನೆಗಳಲ್ಲಿ ಅಟ್ಟಕ್ಕೆ, ನೆಲದಡಿಯ ಖಾಲಿ ಜಾಗಕ್ಕೆ ಗಾಳಿಯಾಡಲು ಕಿಂಡಿಗಳಿರುತ್ತವೆ. ಹಳೆಯ ಮನೆಗಳಲ್ಲಿ ಇವುಗಳ ಜಾಲರಿಯ ತೂತು ಸಾಮಾನ್ಯವಾಗಿ ಕಾಲು ಇಂಚು. ಕಿಡಿ ಅದರಲ್ಲಿ ಸಲೀಸಾಗಿ ಒಳಗೆ ಹೋಗಿ ಅಟ್ಟದಲ್ಲಿ ಕೂರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬೆಂಕಿಯ ಮುಂಚೂಣಿ ದಾಟಿ ಹೋದ ಎಷ್ಟೋ ಹೊತ್ತಿನ ಮೇಲೆ ಮನೆ ಒಳಗಿನಿಂದ ಉರಿಯತೊಡಗುತ್ತದೆ.

ಪರಿಹಾರ ಅಗ್ಗದ್ದು. ಎಂಟನೇ ಒಂದು ಇಂಚು, ಅಂದರೆ ಸುಮಾರು 3 ಮಿಲಿಮೀಟರ್, ಅಥವಾ ಅದಕ್ಕಿಂತ ಸಣ್ಣ ತೂತಿನ ಲೋಹದ ಜಾಲರಿ ಹಾಕಿಸಿ. ಪ್ಲಾಸ್ಟಿಕ್ ಜಾಲರಿ ಬೇಡ, ಕರಗುತ್ತದೆ. ತೀರಾ ಸಣ್ಣ ತೂತಿನದಾದರೆ ಧೂಳು ಕಟ್ಟುತ್ತದೆ, ಆಗಾಗ ಬ್ರಷ್ ಆಡಿಸಬೇಕು. ಶಾಖಕ್ಕೆ ತಾನೇ ಮುಚ್ಚಿಕೊಳ್ಳುವ ಕಿಂಡಿಗಳೂ ಸಿಗುತ್ತವೆ, ಬೆಲೆ ಜಾಸ್ತಿ.

ಚಾವಣಿ ಬೆಂಕಿ ತಡೆಯುವುದರಲ್ಲಿ ಎಲ್ಲಕ್ಕಿಂತ ಮೇಲಿನ ‘ಕ್ಲಾಸ್ ಎ’ ದರ್ಜೆಯದೇ ಎಂದು ಮನೆ ಕೊಳ್ಳುವಾಗಲೇ ಕೇಳಿ. ಮರದ ಹಲಗೆಯ ಚಾವಣಿಯಾದರೆ ಬದಲಿಸುವುದೊಂದೇ ದಾರಿ. ಹೆಂಚಿನ ಮನೆಯಾದರೆ ಅಂಚಿನ ಹೆಂಚುಗಳ ಸಂದು ನೋಡಿ, ಅಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ. ಸಂದು ಮುಚ್ಚಿಸಿ. ಮಳೆನೀರಿನ ದೋಣಿಯಲ್ಲಿ ತುಂಬಿದ ಒಣ ಎಲೆ ತೆಗೆಯಿರಿ. ಇದು ವರ್ಷಕ್ಕೊಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಗಾಳಿ ಬೀಸಿದಾಗಲೆಲ್ಲ ಎಲೆ ಮತ್ತೆ ತುಂಬುತ್ತದೆ.

ಬೇಲಿ, ಕಿಟಕಿ, ಪಕ್ಕದ ಮನೆ

ಮರದ ಬೇಲಿ ಮನೆಗೆ ತಾಗಿದ್ದರೆ ಬೆಂಕಿ ಅದರ ಮೇಲೆಯೇ ನಡೆದು ಬರುತ್ತದೆ. ಮನೆಯ ಹತ್ತಿರದ ಐದು ಅಡಿಯನ್ನು ಮಾತ್ರ ಲೋಹದ್ದಾಗಿ ಬದಲಿಸಿದರೂ ಆಯಿತು. ಮರದ ಡೆಕ್ (ಮನೆಗೆ ಹೊಂದಿದ ಹಲಗೆಯ ಜಗಲಿ) ಇದ್ದರೆ ಅದರ ಕೆಳಗೆ ಏನನ್ನೂ ತುಂಬಬೇಡಿ. ಕಿಟಕಿಗೆ ಎರಡು ಪದರದ, ಶಾಖಕ್ಕೆ ಬೇಗ ಒಡೆಯದ ಟೆಂಪರ್ಡ್ ಗಾಜು ಒಳ್ಳೆಯದು. ಖರ್ಚಿನ ಕೆಲಸ, ಕಿಟಕಿ ಬದಲಿಸುವ ಕಾಲ ಬಂದಾಗ ಮಾಡಿ.

ಐದರಿಂದ 30 ಅಡಿಯವರೆಗೆ ಗಿಡಗಳು ಬಿಡಿಬಿಡಿಯಾಗಿರಲಿ, ಒಣ ಕೊಂಬೆ ಸವರಿ, ಸೌದೆಯನ್ನು 30 ಅಡಿ ಆಚೆ ಇಡಿ. 100 ಅಡಿಯವರೆಗೆ ಹುಲ್ಲು ಗಿಡ್ಡವಾಗಿರಲಿ. ಅಷ್ಟು ಜಾಗ ಎಲ್ಲಿದೆ ಅಂತೀರಾ? ನಿಜ. ಆಲ್ಟಡೀನಾದಂಥ ಊರಲ್ಲಿ 30 ಅಡಿ ಒಳಗೇ ಪಕ್ಕದವರ ಗೋಡೆ. ಅವರ ಮನೆ ಹತ್ತಿದರೆ ನಿಮ್ಮ ಜಲ್ಲಿ, ಜಾಲರಿ ಎರಡೂ ಸಾಲದೆ ಹೋಗಬಹುದು. ಆದ್ದರಿಂದ ಬೀದಿಯವರೆಲ್ಲ ಸೇರಿ ಮಾಡುವುದು ಲೇಸು. ‘ಫೈರ್‌ವೈಸ್ ಯುಎಸ್ಎ’ ಎಂಬ ಕಾರ್ಯಕ್ರಮದಲ್ಲಿ ಎಂಟು ಮನೆಗಳಿದ್ದರೂ ಗುಂಪು ಕಟ್ಟಬಹುದು.

ಅಪ್ಪ ಅಮ್ಮ ಬಂದಿದ್ದರೆ

ಇದನ್ನು ಯಾವ ಸರ್ಕಾರಿ ಕೈಪಿಡಿಯೂ ನಮಗೆ ಬೇಕಾದ ಹಾಗೆ ಹೇಳುವುದಿಲ್ಲ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ. ಅಮೆರಿಕದ ಮನೆಯಲ್ಲಿ ಊರಿನಿಂದ ಬಂದ ಹಿರಿಯರಿಬ್ಬರೇ. ಕಾರು ಓಡಿಸಲು ಬರುವುದಿಲ್ಲ. ಎಚ್ಚರಿಕೆ ಬರುವುದು ಮಗನ ಫೋನಿಗೆ.

ಅವರು ಬಂದ ವಾರವೇ ನಾಲ್ಕು ಕೆಲಸ ಮಾಡಿ. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಬಲ್ಲ ಒಬ್ಬ ನೆರೆಯವರನ್ನು ಪರಿಚಯಿಸಿ, ನಂಬರ್ ಗೋಡೆಗೆ ಅಂಟಿಸಿ. ಮನೆಯ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದಿಡಿ, ತುರ್ತು ಸಹಾಯದ 911ಕ್ಕೆ ಹೇಳಲು ಬೇಕಾಗುತ್ತದೆ. ಕೌಂಟಿಯ ಎಚ್ಚರಿಕೆ ಸೇವೆಗೆ ಅವರ ಫೋನನ್ನೂ ಸೇರಿಸಿ. ಕರೆಂಟ್ ಹೋದಾಗ ಗರಾಜಿನ ಬಾಗಿಲನ್ನು ಕೈಯಿಂದ ಎತ್ತುವುದು ಹೇಗೆಂದು ತೋರಿಸಿ. ಇದು ಎಷ್ಟೋ ಮಕ್ಕಳಿಗೇ ಗೊತ್ತಿರುವುದಿಲ್ಲ!

ಬಾಗಿಲ ಹತ್ತಿರ ಒಂದು ಚೀಲ ಸದಾ ಸಿದ್ಧವಿರಲಿ. ಪಾಸ್‌ಪೋರ್ಟ್, ವೀಸಾ ಕಾಗದ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡು, ಬಿಪಿ ಮತ್ತು ಸಕ್ಕರೆ ಕಾಯಿಲೆ ಮಾತ್ರೆ, ಔಷಧಿ ಚೀಟಿ, ಕನ್ನಡಕ, ಎನ್95 ಮಾಸ್ಕ್, ಒಂದಿಷ್ಟು ನಗದು. ಚಿನ್ನ ಎಲ್ಲಿದೆ ಎಂದು ಆ ಹೊತ್ತಿನಲ್ಲಿ ಹುಡುಕುವ ಹಾಗಿರಬಾರದು.

ಹೊರಡುವ ಹೊತ್ತು

‘ವಾರ್ನಿಂಗ್’ ಎಂದರೆ ಸಿದ್ಧರಾಗಿ, ‘ಆರ್ಡರ್’ ಎಂದರೆ ಈಗಲೇ ಹೊರಡಿ. ಹಿರಿಯರು, ಮಕ್ಕಳು ಇರುವವರು ವಾರ್ನಿಂಗ್‌ಗೇ ಹೊರಡಬೇಕು. ‘ವಾಚ್ ಡ್ಯೂಟಿ’ ಎಂಬ ಉಚಿತ ಆ್ಯಪ್‌ನಲ್ಲಿ ಬೆಂಕಿ ಎಲ್ಲಿದೆ ಎಂದು ನಕ್ಷೆಯಲ್ಲೇ ಕಾಣುತ್ತದೆ. ಪಶ್ಚಿಮ ಆಲ್ಟಡೀನಾಕ್ಕೆ ಆರ್ಡರ್ ಬಹಳ ತಡವಾಗಿ ಬಂತು. ಹೊಗೆ ಕಂಡು ಮನಸ್ಸು ಹೇಳಿದರೆ ಆರ್ಡರ್‌ಗೆ ಕಾಯಬೇಡಿ.

2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟ ಬೆಂಕಿಯಲ್ಲಿ 85 ಜನ ಸತ್ತರು. ಊರಿಗೆ ಊರೇ ಒಟ್ಟಿಗೆ ಹೊರಟು ರಸ್ತೆ ಕಟ್ಟಿಕೊಂಡಿತ್ತು. ಪ್ಯಾಲಿಸೇಡ್ಸ್‌ನಲ್ಲಿ ಜನ ಕಾರು ಬಿಟ್ಟು ಓಡಿದರು, ಆ ಕಾರುಗಳನ್ನು ಬುಲ್ಡೋಜರ್‌ನಿಂದ ತಳ್ಳಿ ದಾರಿ ಮಾಡಬೇಕಾಯಿತು. ಇದ್ದು ಮನೆ ಕಾಯುತ್ತೇನೆ ಎನ್ನುವವರು ಆಸ್ಟ್ರೇಲಿಯಾದ ಕಡೆ ನೋಡಲಿ. ಅಲ್ಲಿ ‘ಬೇಗ ಹೊರಡಿ, ಇಲ್ಲವೇ ತಯಾರಿ ಮಾಡಿ ನಿಂತು ಕಾಯಿರಿ’ ಎಂಬ ನೀತಿಯೇ ಇತ್ತು. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ 173 ಜನ ಸತ್ತ ಮೇಲೆ, ಅತಿ ಕೆಟ್ಟ ದಿನಗಳಲ್ಲಿ ಹೊರಡುವುದೊಂದೇ ದಾರಿ ಎಂದು ಬದಲಿಸಿದರು.

ಸಮಯವಿದ್ದರೆ ಮಾತ್ರ ಇಷ್ಟು ಮಾಡಿ. ಕಿಟಕಿ, ಬಾಗಿಲು ಮುಚ್ಚಿ, ಬೀಗ ಹಾಕಬೇಡಿ. ಹೊರಗಿನ ಕುರ್ಚಿಯ ಮೆತ್ತೆಗಳನ್ನು ಒಳಗೆ ಎಸೆಯಿರಿ. ಗ್ಯಾಸ್ ಮೀಟರಿನಲ್ಲೇ ಬಂದ್ ಮಾಡಿ. ಹೊಗೆಯಲ್ಲೂ ಮನೆ ಕಾಣುವಂತೆ ದೀಪ ಉರಿಯಲಿ. ತೋಟದ ಪೈಪನ್ನು ನಲ್ಲಿಗೆ ಜೋಡಿಸಿಡಿ, ಆದರೆ ನೀರು ಬಿಟ್ಟು ಹೋಗಬೇಡಿ. ಎಲ್ಲರೂ ಸ್ಪ್ರಿಂಕ್ಲರ್ ಹಾಕಿ ಹೋದರೆ ಹೈಡ್ರಂಟಿನಲ್ಲಿ ಒತ್ತಡ ಇಳಿಯುತ್ತದೆ.

ವಿಮೆ ಮತ್ತು ಬೂದಿ

ಇವತ್ತೇ ಫೋನು ಹಿಡಿದು ಪ್ರತಿ ಕೋಣೆಯ ವಿಡಿಯೊ ಮಾಡಿ. ಕಪಾಟು, ಡ್ರಾಯರ್ ಎಲ್ಲ ತೆರೆದು ತೋರಿಸಿ, ಕ್ಲೌಡ್‌ಗೆ ಹಾಕಿಡಿ. ಎಲ್ಲ ಸುಟ್ಟ ಮೇಲೆ ಎಷ್ಟು ರೇಷ್ಮೆ ಸೀರೆ ಇತ್ತು, ಎಷ್ಟು ಹಿತ್ತಾಳೆ ಪಾತ್ರೆ ಇತ್ತು ಎಂದು ನೆನಪಿನಿಂದ ಪಟ್ಟಿ ಬರೆಯುವುದು ಹಿಂಸೆಯ ಕೆಲಸ. ಬೆಂಕಿಯ ಭಯಕ್ಕೆ ವಿಮಾ ಕಂಪನಿಗಳು ಪಾಲಿಸಿ ನವೀಕರಿಸದೆ ಕೈಬಿಡುತ್ತಿವೆ. ಬೇರೆ ಯಾರೂ ವಿಮೆ ಕೊಡದಿದ್ದರೆ ಕ್ಯಾಲಿಫೋರ್ನಿಯಾದ ‘ಫೇರ್ ಪ್ಲ್ಯಾನ್’ ವಿಮೆ ಇದೆ, ದುಬಾರಿ, ರಕ್ಷಣೆಯೂ ಕಡಿಮೆ. ಮೇಲೆ ಹೇಳಿದ ಕೆಲಸಗಳನ್ನು ಮಾಡಿಸಿದ್ದರೆ ರಸೀದಿ, ಫೋಟೊ ಕೊಟ್ಟು ರಿಯಾಯಿತಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಇದಕ್ಕೆ ನಿಯಮವಿದೆ.

ಮನೆ ಉಳಿದು ವಾಪಸ್ ಬಂದವರು ಬೂದಿಯನ್ನು ಬ್ಲೋವರ್‌ನಿಂದ ಊದಬಾರದು. ಸುಟ್ಟಿದ್ದು ಮರ ಮಾತ್ರ ಅಲ್ಲ, ಹಳೆಯ ಬಣ್ಣ, ಕಾರಿನ ಬ್ಯಾಟರಿ, ಕಲ್ನಾರು ಎಲ್ಲ ಅದರಲ್ಲಿರುತ್ತದೆ. ಮಾಸ್ಕ್, ಕೈಗವಸು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳನ್ನು ಅಲ್ಲಿಯವರೆಗೆ ಬೇರೆಲ್ಲಾದರೂ ಬಿಡಿ. ಬಂದ್ ಮಾಡಿದ ಗ್ಯಾಸನ್ನು ನೀವೇ ಮತ್ತೆ ತೆರೆಯಬೇಡಿ, ಕಂಪನಿಯವರು ಬಂದು ನೋಡಿಯೇ ಹಾಕಬೇಕು.