ಮೂರು ತಿಂಗಳ ಆಟ ಒಂದೇ ಕಾರ್ಡಲ್ಲಿ: ಸೋಮವಾರಪೇಟೇಲಿ ಹಾಲ್ ತುಂಬಿಸಿದ ನನ್ನ ಅನುಭವ

ಕೊಡಗಿನ ಸೋಮವಾರಪೇಟೇಲಿ ನಾನು ಒಂದು ಹಾಲಲ್ಲಿ ಆಟ, ಅಂದ್ರೆ ನಾಟಕ ಸಿನಿಮಾ ಸಂಗೀತ, ಇಡ್ತೀನಿ, ಅವುಗಳ ಪಟ್ಟಿ ಇರೋ ಈ ಸಲದ ಕಾರ್ಡ್ ಪ್ರಿಂಟಾಗಿ ಬಂತು. ಫೆಬ್ರವರಿ ಕೊನೆಯಿಂದ ಮೇ ತನಕ ಎರಡು ಸಿನಿಮಾ, ಎರಡು ಸಂಗೀತ, ಮೂರು ನಾಟಕ, ತಾರೀಕು ಟೈಮ್ ಸಮೇತ ಒಂದೇ ಹಾಳೇಲಿ. ಒಂದೂ ಆಟ ಶುರುವಾಗೋಕ್ ಮೊದ್ಲೇ ಫ್ಯಾಮಿಲಿ ಪಾಸಲ್ಲಿ ಹತ್ತಿರತ್ತಿರ 70 ಸಾವಿರ ಕೈಗೆ ಬಂದಿದೆ. "ಸೋಮವಾರಪೇಟೇಲಿ ದುಡ್ಡು ಕೊಟ್ಟು ನಾಟಕ ಯಾರ್ ನೋಡ್ತಾರೆ ಮಾರಾಯ್ರೆ, ಫ್ರೀ ಅಂದ್ರೂ ಬರಲ್ಲ" ಅಂತಿದ್ದೋರಲ್ಲಿ ಇಬ್ರು ಈಗ ಪಾಸ್ ತಗೊಂಡಿದ್ದಾರೆ, ಅದಕ್ಕೇ ಬರೀತಿದ್ದೀನಿ.

ಹಾಲ್ ನಡೆಸೋರಿಗೆ ಲೈಟು ಸೌಂಡು ಬಾಡಿಗೆ ಎಲ್ಲ ಗೊತ್ತಿರುತ್ತೆ, ಅದನ್ನ ಬಿಡ್ತೀನಿ. ದುಡ್ಡು ಎಲ್ಲಿ ಸೋರ್ತಿತ್ತು ಅಂತ ಹೇಳ್ತೀನಿ. ಮೊದಲೆಲ್ಲ ಒಂದೊಂದು ಆಟಕ್ಕೂ ಬೇರೆ ಬ್ಯಾನರ್, ಬೇರೆ ಹ್ಯಾಂಡ್‌ಬಿಲ್, ಆಟೋ ಮೇಲೆ ಮೈಕ್ ಕಟ್ಟಿ ಎರಡು ದಿನ ಕೂಗ್ಸೋದು, ಪ್ರಚಾರಕ್ಕೇ ನಾಲ್ಕೈದು ಸಾವಿರ. ತಂಡಕ್ಕೆ 25 ಸಾವಿರದ ಸುಮಾರು, ಲೈಟು ಸೌಂಡಿಗೆ ಏಳೆಂಟು, ಊಟ ವಸತಿ ಬೇರೆ. ಗೇಟಲ್ಲಿ ಬರ್ತಿದ್ದಿದ್ದು ಆರು ಸಾವಿರ, ತುಂಬಾ ಆದ್ರೆ ಏಳು. ಫ್ರೀ ಪಾಸ್ ಇಸ್ಕೊಂಡೋರು ಬರ್ತಾನೇ ಇರ್ಲಿಲ್ಲ, ದುಡ್ಡು ಕೊಟ್ಟೋರು ಖಾಲಿ ಕುರ್ಚಿ ನೋಡಿ ಬೇಜಾರಾಗೋರು. ಪ್ರಾಯೋಜಕರನ್ನ ನಂಬ್ಕೊಂಡ್ರೆ ಕಾಳುಮೆಣಸಿನ ರೇಟ್ ಬಿದ್ದ ವರ್ಷ ಅವರೂ ಇಲ್ಲ.

ನಾನು ಮಾಡಿದ್ದು ಇಷ್ಟೆ, ಆಟಗಳ ಪಟ್ಟೀನ ಕಾಫಿ ಲೆಕ್ಕಕ್ಕೆ ಕಟ್ಟಿದೆ. ನಮ್ ಕಡೆ ಅರೇಬಿಕಾ ಜಾಸ್ತಿ, ನವೆಂಬರಿಂದ ಜನವರಿ ತನಕ ಕೊಯ್ಲು, ಆಗ ದೇವರೇ ಬಂದು ಹಾಡಿದ್ರೂ ತೋಟದೋರು ಬರಲ್ಲ, ಕಣದಲ್ಲಿ ಕಾಫಿ ಇರುತ್ತೆ. ಅಕ್ಟೋಬರಲ್ಲಿ ದಸರಾಕ್ಕೆ ಎಲ್ಲ ಮಡಿಕೇರಿಗೆ ದಶಮಂಟಪದ ಮೆರವಣಿಗೆ ನೋಡೋಕೆ, ಅದರ ಆಸುಪಾಸಲ್ಲೇ ಕಾವೇರಿ ಸಂಕ್ರಮಣ, ಆಮೇಲೆ ಪುತ್ತರಿ, ನಮ್ ಕಡೆ ಸುಗ್ಗಿ ಹಬ್ಬ. ಜೂನಿಂದ ಆಗಸ್ಟ್ ಮಳೆ. ಉಳಿಯೋದು ಫೆಬ್ರವರಿ ಕೊನೆಯಿಂದ ಮೇ, ಕಾಫಿ ಮಾರಿದ ದುಡ್ಡೂ ಆಗ್ಲೇ ಕೈಲಿರುತ್ತೆ. ಮಾರ್ಚಲ್ಲಿ ಹೂಮಳೆ, ಅಂದ್ರೆ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಮಳೆ, ಸರಿಯಾಗಿ ಬಿದ್ರೆ ಹಾಲ್ ತುಂಬಿತು ಅಂತಾನೇ ಲೆಕ್ಕ, ಬೀಳ್ಲಿಲ್ಲ ಅಂದ್ರೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಹಿಂದೆ ಓಡ್ತಿರ್ತಾರೆ, ಅದಕ್ಕೇ ಆ ಹದಿನೈದು ದಿನ ದೊಡ್ಡ ಖರ್ಚಿನ ನಾಟಕ ಇಡಲ್ಲ, ಸಿನಿಮಾ ಇಡ್ತೀನಿ.

ಪಾಸ್ ಮಾರೋದು ಸೋಮವಾರ ಸಂತೇಲಿ, ಟೇಬಲ್ ಹಾಕ್ಕೊಂಡು. ಒಂದು ಮನೆಗೆ 1200, ಏಳೂ ಆಟಕ್ಕೆ. ಕಾರ್ಡ್ ಕ್ಯಾಲೆಂಡರ್ ಪಕ್ಕ ನೇತಾಡುತ್ತೆ, ಮನೆ ಹೆಂಗಸರೇ ದಿನ ನೆನಪಿಸ್ತಾರೆ. ಹೋದ ಸಲ ಒಟ್ಟು ಖರ್ಚು ಒಂದೂವರೆ ಲಕ್ಷದ ಹತ್ರ, ಪಾಸು, ಗೇಟು, ಕಾರ್ಡ್ ಹಿಂದಿನ ಜಾಹೀರಾತು ಎಲ್ಲ ಸೇರಿ ಖರ್ಚು ಕಳೆದು 12 ಸಾವಿರ ಉಳೀತು. ಯಾರ ಹತ್ರಾನೂ ಕೈ ಚಾಚದೆ ಉಳಿದ ದುಡ್ಡು, ಅದರ ಹೆಮ್ಮೆ ನಂಗಿದೆ.

ಟೈಮ್ ಸಾಯಂಕಾಲ 5.30, ಎಂಟಕ್ಕೆ ಪರದೆ ಬೀಳ್ಲೇಬೇಕು. ಹತ್ತು ಗಂಟೆ ಮೈಕ್ ರೂಲ್ಸಿಗೆ ಹೆದರಿ ಅಲ್ಲ, ಯಡವನಾಡು, ಕಾಜೂರು ಕಡೆ ರಾತ್ರಿ ಹೊತ್ತಾದ್ರೆ ರಸ್ತೇಲಿ ಆನೆ ನಿಂತಿರುತ್ತೆ, ಮಕ್ಕಳನ್ನ ಕರ್ಕೊಂಡು ಬೈಕಲ್ಲಿ ಹೋಗೋರು ನಂ ಜನ. ಮೂರು ಗಂಟೆ ನಾಟಕದ ತಂಡದೋರು ಎಷ್ಟೇ ಒಳ್ಳೆಯೋರಾದ್ರೂ ಕೈ ಮುಗಿದು ಬೇಡ ಅಂದಿದ್ದೀನಿ.

ತಂಡದ ರೇಟ್ ಹೆಂಗೆ ಇಳಿಸ್ತೀನಿ ಅಂತ ಎಲ್ರೂ ಕೇಳ್ತಾರೆ. ಮಂಗಳೂರು ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಹೋಗೋ ತಂಡಕ್ಕೆ ಮಧ್ಯೆ ಒಂದು ಖಾಲಿ ದಿನ ಸಿಗುತ್ತೆ, ಆ ದಿನ ಹಿಡೀಬೇಕು, ಏಳೆಂಟು ಸಾವಿರ ಕಮ್ಮಿ ಆಗುತ್ತೆ. ಆ ದಿನ ನಂಗೆ ಮೊದ್ಲೇ ಹೆಂಗೆ ಗೊತ್ತಾಗುತ್ತೆ ಅನ್ನೋದು ಮಾತ್ರ ನನ್ ಹತ್ರಾನೇ ಇರ್ಲಿ.

ಕಾರ್ಡಲ್ಲಿ ಮೊದಲನೇದು ಯಾವಾಗ್ಲೂ ಸ್ಥಳೀಯ ಸಿನಿಮಾ, ಅರೆಭಾಷೆದೋ ಕೊಡವ ಭಾಷೆದೋ. 1972ರಲ್ಲೇ ಕೊಡವ ಭಾಷೇಲಿ ಸಿನಿಮಾ ಬಂದಿದೆ, ಹರದಾಸ ಅಪ್ಪಚ್ಚ ಕವಿ ಅದಕ್ಕೂ ಎಷ್ಟೋ ಮೊದ್ಲು, ನೂರು ವರ್ಷದ ಹಿಂದೇನೇ ಕೊಡವ ನಾಟಕ ಬರೆದು ಆಡಿಸಿದ್ರು, ಕೊಡಗಲ್ಲಿ ಪ್ರೇಕ್ಷಕರಿಲ್ಲ ಅನ್ನೋರ ಮಾತು ನಂಗೆ ಹಿಡಿಸೋದೇ ಇಲ್ಲ. ಸಿನಿಮಾಗೆ ನಿರ್ಮಾಪಕರಿಂದ ಒಪ್ಪಿಗೆ ಪತ್ರ ಬರ್ಸ್ಕೊಳ್ಳಿ, ಬರೀ ಬಾಯಿಮಾತು ಬೇಡ. ಪ್ರೊಜೆಕ್ಟರ್‌ನ ತಪ್ಪದೆ ಯುಪಿಎಸ್ ಮೇಲೆ ಹಾಕಿ, ಕರೆಂಟ್ ಹೋಗಿ ಜನರೇಟರ್ ಎಳೆಯೋ ಅಷ್ಟ್ರಲ್ಲಿ ಫ್ಯಾನ್ ನಿಂತು ಬಿಸಿ ಲ್ಯಾಂಪ್ ಹೋಗುತ್ತೆ, ಹೊಸ ಲ್ಯಾಂಪಿಗೆ ಒಂದು ಆಟದ ಗೇಟ್ ಹಣ ಬೇಕು.

ಮಳೆಗಾಲದಲ್ಲಿ ಹಾಲ್ ಸುಮ್ನೆ ಇರುತ್ತಲ್ಲ ಅಂತ ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಾಡೋ ಯಕ್ಷಗಾನ, ಇಟ್ಟು ನೋಡ್ದೆ. ಮೇ ಕೊನೆಗೆ ಪತ್ತನಾಜೆ ಆದ್ಮೇಲೆ ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿರ್ತಾವೆ, ಕಲಾವಿದರು ಸಿಗ್ತಾರೆ. ಆದ್ರೆ ಹಾಲಿನ ಮಾಡಿನ ಶೀಟಿನ ಮೇಲೆ ಜುಲೈ ಮಳೆ ಬಿದ್ರೆ ಚೆಂಡೆನೇ ಕೇಳಲ್ಲ, ಪಾತ್ರದ ಮಾತಾಡೋ ಅರ್ಥಧಾರಿ ಮಾತೆಲ್ಲಿ ಕೇಳ್ಬೇಕು. ಶೀಟಿನ ಕೆಳಗೆ ಹಳೇ ಕಾಫಿ ಗೋಣಿಚೀಲ ಎರಡು ಪದರ ಹೊಲ್ಸಿ ಕಟ್ಟಿದ್ವಿ, ಒಂದಷ್ಟು ತಗ್ಗಿತು. ಅದಕ್ಕಿಂತ ಕೆಲಸ ಮಾಡಿದ್ದು ಸ್ಟೇಜ್ ಪಕ್ಕದ ದೊಡ್ಡ ಬಾಕ್ಸ್ ತೆಗೆದು ನಾಲ್ಕು ಸಣ್ಣ ಸ್ಪೀಕರ್ ಜನರ ಮಧ್ಯೆ ಕಂಬಕ್ಕೆ ಕಟ್ಟಿದ್ದು. ಐವತ್ತು ಅರವತ್ತು ಜನ ಕೂತು ಪೂರ್ತಿ ಕೇಳಿದ್ರು. ಲಾಭ ಏನಿಲ್ಲ, ಆದ್ರೂ ಈ ಜುಲೈಲೂ ಇಡ್ತೀನಿ. ಗೋಣಿಚೀಲ ಮಳೆ ಬಿಟ್ಟ ತಕ್ಷಣ ಇಳಿಸಿ ಒಣಗಿಸಿ, ಇಲ್ಲಾಂದ್ರೆ ಬೂಷ್ಟು.

ಏಪ್ರಿಲ್ ರಜೆಗೆ ಮಕ್ಕಳ ನಾಟಕ ಒಂದು ಹೊಸದಾಗಿ ಬೆಳಗ್ಗೆ 11ಕ್ಕೆ ಹಾಕಿದ್ದೀನಿ, ಪಾಸ್ ಇದ್ದೋರಿಗೆ ಅದರಲ್ಲೇ ಬಂತು, ಬೇರೆ ಮಕ್ಕಳಿಗೆ 30 ರೂಪಾಯಿ. ಸುಂಟಿಕೊಪ್ಪ, ಶನಿವಾರಸಂತೆ ಕಡೆಯೋರು ಕೂಡಿ ಒಂದು ವ್ಯಾನ್ ಮಾಡ್ಕೊಂಡು ಬಂದ್ರೆ ಡೀಸೆಲ್ ಅರ್ಧ ನಾವು ಕೊಡ್ತೀವಿ, ಸಂತೆ ದಿನ ಟೇಬಲ್ ಹತ್ರ ಹೆಸರು ಬರೆಸಿ.