ಪೀಲ್ ಮಾಡಿಸಿದ ಮೇಲೆ ಮುಖ ಕಪ್ಪಾದರೆ

ಕೆಮಿಕಲ್ ಪೀಲ್, ಅಂದರೆ ಆ್ಯಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಚಿಕಿತ್ಸೆ, ಆಗಿ ಮೊದಲ ಒಂದು ವಾರ ಚರ್ಮ ಕಪ್ಪಾಗಿ, ಬಿಗಿದು, ಸುಲಿಯುವುದು ಸಹಜ. ಅದು ಉದುರಲಿರುವ ಮೇಲ್ಪದರ. ಅದರಷ್ಟಕ್ಕೆ ಉದುರಲು ಬಿಡಿ. ಉಗುರಿನಿಂದ ಎಬ್ಬಿಸಿದ ಜಾಗದಲ್ಲೇ ಮುಂದೆ ಕಲೆ ಕೂರುತ್ತದೆ. ಇಲ್ಲಿ ಹೇಳುವುದು ಇನ್ನೊಂದು ಕಪ್ಪಿನ ವಿಷಯ: ಸುಲಿದು ಮುಗಿದು, ಮುಖ ಚೆನ್ನಾಯಿತು ಅನ್ನಿಸಿ, ಎರಡು ಮೂರು ವಾರಕ್ಕೆ ಕೆನ್ನೆ, ಮೇಲ್ದುಟಿ, ಹಣೆಯ ಬದಿಗಳಲ್ಲಿ ಮೂಡುವ ಕಂದು ಕಲೆ.

ಆ್ಯಸಿಡ್ ಬೇಕಾದದ್ದಕ್ಕಿಂತ ಆಳಕ್ಕೆ ಇಳಿದಾಗ ಚರ್ಮದಲ್ಲಿ ಉರಿಯೂತವಾಗುತ್ತದೆ, ಉರಿಯೂತಕ್ಕೆ ಉತ್ತರವಾಗಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಾಗುತ್ತದೆ. ನಮ್ಮ ಕಡೆಯ ಗೋಧಿ ಬಣ್ಣದ, ಕಪ್ಪು ಚರ್ಮದಲ್ಲಿ ಇದು ಬೇಗ ಆಗುತ್ತದೆ. ಪೀಲಿಗೆ ಹಚ್ಚಿದ ಗ್ಲೈಕೋಲಿಕ್ ಆ್ಯಸಿಡನ್ನು ಸಮಯಕ್ಕೆ ಸರಿಯಾಗಿ ಅಡುಗೆ ಸೋಡಾ ದ್ರಾವಣದಿಂದಲೋ ನೀರಿನಿಂದಲೋ ತಣಿಸದಿರುವುದು, ಹಿಂದಿನ ವಾರವಷ್ಟೇ ವ್ಯಾಕ್ಸಿಂಗ್ ಮಾಡಿಸಿದ್ದು, ರಾತ್ರಿ ಹಚ್ಚುವ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮನ್ನು ಪೀಲಿಗೆ ಮೊದಲು ನಿಲ್ಲಿಸದಿದ್ದದ್ದು, ಆಮೇಲೆ ಬಿಸಿಲಿಗೆ ಹೋದದ್ದು: ಹೆಚ್ಚಿನ ಕಾರಣ ಇವುಗಳಲ್ಲೇ ಇರುತ್ತದೆ.

ಮದ್ದು ಹಚ್ಚುವ ಮೊದಲು ಉರಿಯೂತ ಆರಿದೆಯೇ ನೋಡಿ. ಸ್ವಚ್ಛವಾದ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಕಲೆಯ ಮೇಲೆ ಮೆಲ್ಲಗೆ ಒತ್ತಿ, ಹಗಲು ಬೆಳಕಿನಲ್ಲಿ ಗಾಜಿನ ಮೂಲಕ ನೋಡಿ. ಒತ್ತಿದಾಗ ಬಣ್ಣ ಮಾಯವಾದರೆ ಅದು ಇನ್ನೂ ರಕ್ತನಾಳದ ಕೆಂಪು. ಒತ್ತಿದರೂ ಕಂದು ಉಳಿದರೆ ಮೆಲನಿನ್. ಎರಡೂ ಬೆರೆತಿರುವುದು ಸಾಮಾನ್ಯ. ಕೆಂಪು ಇರುವಷ್ಟು ದಿನ ಬಿಳುಪು ಮಾಡುವ ಯಾವ ಮದ್ದೂ ಬೇಡ, ಏಕೆಂದರೆ ಆ ಮದ್ದುಗಳೇ ಉರಿಸುತ್ತವೆ, ಉರಿ ಮತ್ತೆ ಕಪ್ಪು ತರುತ್ತದೆ. ಆ ಹಂತದಲ್ಲಿ ಬೇಕಾದ್ದು ಇಷ್ಟೇ: ವಾಸನೆಯಿಲ್ಲದ ಮೃದು ಕ್ಲೆನ್ಸರ್ ದಿನಕ್ಕೆ ಎರಡು ಸಲ, ತಣ್ಣೀರು, ಮಾಯಿಶ್ಚರೈಸರ್, ಸಿಪ್ಪೆ ಏಳುವಲ್ಲಿ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಕೆಂಪು ಜೋರಾಗಿದ್ದರೆ ಚರ್ಮದ ಡಾಕ್ಟರು 1% ಹೈಡ್ರೋಕಾರ್ಟಿಸೋನಿನಂಥ ಸೌಮ್ಯ ಸ್ಟೀರಾಯ್ಡ್ ಕ್ರೀಮನ್ನು ಕೆಲವೇ ದಿನಕ್ಕೆ ಕೊಡುತ್ತಾರೆ. ಹೇಳಿದ ದಿನಕ್ಕೆ ನಿಲ್ಲಿಸಬೇಕು.

ಗುಂಪುಗುಂಪಾಗಿ ನೀರುಗುಳ್ಳೆ ಎದ್ದರೆ, ಕೀವು ಅಥವಾ ಹಳದಿ ಹೊಪ್ಪಳೆ ಕಟ್ಟಿದರೆ, ನೋವು ಏರುತ್ತ ಹೋದರೆ ಅದೇ ದಿನ ಡಾಕ್ಟರ ಬಳಿ ಹೋಗಿ. ಮೂರು ವಾರ ಕಳೆದರೂ ಒಂದು ಜಾಗ ಕೆಂಪಾಗಿ, ತುರಿಸುತ್ತ, ದಪ್ಪವಾಗುತ್ತಿದ್ದರೆ ಗಾಯದ ಕಲೆ ಏಳುವ ಲಕ್ಷಣ, ಅದಕ್ಕೂ ತಡಮಾಡಬೇಡಿ.

ಸನ್‌ಸ್ಕ್ರೀನ್ ಇಲ್ಲದೆ ಮುಂದಿನ ಯಾವ ಮದ್ದೂ ಕೆಲಸ ಮಾಡುವುದಿಲ್ಲ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಚರ್ಮದ ಬಣ್ಣ ಬೆರೆಸಿದ, ಅಂದರೆ ಐರನ್ ಆಕ್ಸೈಡ್ ಇರುವುದನ್ನೇ ಆರಿಸಿ: ನಮ್ಮ ಚರ್ಮವನ್ನು ಅತಿನೇರಳೆ ಕಿರಣದ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡುತ್ತದೆ, ಅದನ್ನು ತಡೆಯುವುದು ಐರನ್ ಆಕ್ಸೈಡ್. ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿದಾಗಲೆಲ್ಲ ಮತ್ತೆ ಹಚ್ಚಬೇಕು. ಕಾಸರಗೋಡಿನ ಮಳೆಗಾಲದ ಮೋಡ ಕಿರಣವನ್ನು ಪೂರ್ತಿ ತಡೆಯುವುದಿಲ್ಲ, ಆಷಾಢದಲ್ಲೂ ಬಿಡಬೇಡಿ. ಅಂಗಳದಲ್ಲಿ ಅಡಿಕೆ ಒಣಗಿಸುವ ಕಾಲದಲ್ಲಿ ಹರಡುವ, ಮಗುಚುವ ಕೆಲಸವನ್ನು ಬೆಳಗ್ಗೆ ಬೇಗ ಅಥವಾ ಸಂಜೆಗೆ ಇಟ್ಟುಕೊಳ್ಳಿ. ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ ನೆತ್ತಿ ಕಾಯುತ್ತದೆ, ಕೆನ್ನೆಗೆ ನೆರಳು ಕೊಡುವುದಿಲ್ಲ. ಸುತ್ತಲೂ ಅಗಲ ಅಂಚಿರುವ ಟೊಪ್ಪಿ ಬೇಕು. ಯಕ್ಷಗಾನಕ್ಕೆ ಬಣ್ಣ ಹಚ್ಚುವವರು ಚರ್ಮ ಪೂರ್ತಿ ಆರುವ ತನಕ ವೇಷಕ್ಕೆ ಕೂರದಿರುವುದೇ ಒಳ್ಳೆಯದು. ಬಣ್ಣಕ್ಕಿಂತಲೂ ಅದನ್ನು ತೆಗೆಯುವಾಗಿನ ಉಜ್ಜಾಟ ಹೆಚ್ಚು ಕೆಡಿಸುತ್ತದೆ.

ಕೆಂಪು, ಉರಿ ಪೂರ್ತಿ ಹೋದ ಮೇಲೆ ಮದ್ದಿನ ಸರದಿ. ಅಜೆಲಾಯಿಕ್ ಆ್ಯಸಿಡ್ 10% ಒಳ್ಳೆಯ ಆರಂಭ. ಕಿವಿಯ ಹಿಂದೆ ಮೂರು ರಾತ್ರಿ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಕಡಲೆ ಕಾಳಿನಷ್ಟು ತೆಗೆದು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಎರಡು ವಾರದ ಮೇಲೆ ದಿನಾಲೂ. ಸಹಿಸಿದರೆ 20%ಕ್ಕೆ ಏರಿಸಬಹುದು. ಹಗಲು 4ರಿಂದ 5% ನಯಾಸಿನಮೈಡ್ ಸೇರಿಸಬಹುದು. ಎರಡನ್ನೂ ಒಂದೇ ದಿನ ಶುರು ಮಾಡಬೇಡಿ, ಉರಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. 2ರಿಂದ 4% ಹೈಡ್ರೋಕ್ವಿನೋನ್ ಇದಕ್ಕಿಂತ ಬಲವಾದದ್ದು, ಆದರೆ ಡಾಕ್ಟರ ಕಣ್ಣೆದುರೇ ನಡೆಯಬೇಕು, ಅವರು ಹೇಳಿದ ಕೆಲವೇ ತಿಂಗಳಿಗೆ ನಿಲ್ಲಬೇಕು. ವರ್ಷಗಟ್ಟಲೆ ಹಚ್ಚಿದರೆ ನೀಲಿ ಮಿಶ್ರಿತ ಕಪ್ಪು ಕಲೆ ಬರುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ಗರ್ಭಿಣಿಯರು ಹೈಡ್ರೋಕ್ವಿನೋನ್, ರೆಟಿನಾಯ್ಡ್ ಜಾತಿಯ ಟ್ರೆಟಿನಾಯಿನ್ ಎರಡನ್ನೂ ಬಳಸಬಾರದು.

ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಟ್ಯೂಬನ್ನು ತಿರುಗಿಸಿ ಅದರಲ್ಲಿರುವ ಮದ್ದಿನ ಹೆಸರು ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಒಂದು ವಾರ ಮುಖ ಬೆಳ್ಳಗೆ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಕಂಡು, ಬಿಟ್ಟ ಕೂಡಲೇ ಮುಖ ಕೆಂಡದ ಹಾಗೆ ಉರಿಯುತ್ತದೆ. ತಯಾರಕರ ವಿಳಾಸವೇ ಇಲ್ಲದ ಬಿಳುಪು ಕ್ರೀಮುಗಳಲ್ಲಿ ಪಾದರಸ ಇರಬಹುದು. ಅಂಥ ಕ್ರೀಮಿಗೆ ತಳಕು ಬಿದ್ದ ಮೂತ್ರಪಿಂಡದ ಕಾಯಿಲೆಗಳು ಮಲಪ್ಪುರಂ ಜಿಲ್ಲೆಯಲ್ಲಿ ಕಂಡುಬಂದಿವೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಆಪರೇಷನ್ ಸೌಂದರ್ಯ ಎಂಬ ತಪಾಸಣೆಯನ್ನೇ ನಡೆಸಿತು. ನಿಂಬೆರಸವೂ ಬೇಡ: ರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟು ಹೊಸ ಕಲೆ ಏಳುತ್ತದೆ. ಕಡಲೆಹಿಟ್ಟಿನ ಉಜ್ಜಾಟಕ್ಕೂ ಸದ್ಯ ರಜೆ.

ತಿಳಿಕಂದು ಕಲೆ ಮೇಲ್ಪದರದ್ದು, ಮೂರರಿಂದ ಆರು ತಿಂಗಳಲ್ಲಿ ಬಹುಮಟ್ಟಿಗೆ ತಿಳಿಯಾಗುತ್ತದೆ, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಬೂದು ಅಥವಾ ನೀಲಿ ಛಾಯೆಯದ್ದು ಆಳದ್ದು. ಕ್ರೀಮು ಅಷ್ಟು ತಲುಪುವುದಿಲ್ಲ, ವರ್ಷಗಳೇ ಬೇಕಾಗಬಹುದು. ಕಪ್ಪಿನ ಬದಲು ಬಿಳಿ ಮಚ್ಚೆ ಬಂದಿದ್ದರೆ ಮೇಲಿನ ಯಾವ ಮದ್ದನ್ನೂ ಹಚ್ಚದೆ ತೋರಿಸಿ. ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿಗೆ ಫೋಟೋ ತೆಗೆದಿಡಿ. ಕನ್ನಡಿಯಲ್ಲಿ ದಿನಾ ನೋಡಿದರೆ ಬದಲಾವಣೆ ತಿಳಿಯುವುದಿಲ್ಲ. ಕಲೆ ಪೂರ್ತಿ ಹೋಗುವ ಮೊದಲು, ಮದುವೆ ಹತ್ತಿರ ಬಂತೆಂದು ಇನ್ನೊಂದು ಪೀಲಿಗೆ ಕೂರಬೇಡಿ. ಮುಂದೆ ಮಾಡಿಸುವುದೇ ಆದರೆ ಈ ಸಲ ಏನು ಹಚ್ಚಿದ್ದರು, ಎಷ್ಟು ಶೇಕಡಾ, ಎಷ್ಟು ನಿಮಿಷ ಎಂಬುದನ್ನು ಕ್ಲಿನಿಕ್‌ನಿಂದ ಬರೆಸಿಕೊಂಡು ಹೋಗಿ.