ಹಳೆ ಐಪಾಡ್ ಮತ್ತು ರೇಡಿಯೋ ಡಾಕ್ ಕೊಳ್ಳುವ ಮುಂಚೆ

ಆಪಲ್‌ನ ಹಾಡು ಪ್ಲೇಯರ್ ಐಪಾಡನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ, ಅಲಾರಂ ರೇಡಿಯೋ ಡಾಕ್ (ಪ್ಲೇಯರ್ ಕೂರಿಸಿ ಹಾಡು ಕೇಳುವ ಸ್ಪೀಕರ್ ಪೆಟ್ಟಿಗೆ) ಸಮೇತ ಕೊಳ್ಳುವವರು, ಹಾಡು ಕೇಳಿಸಿತು ಅಂತ ಸುಮ್ನೆ ದುಡ್ಡು ಕೊಟ್ಟುಬಿಡಬೇಡಿ. ಪ್ಲೇಯರನ್ನು ಡಾಕ್ ಮೇಲೆ ಕೂರಿಸಿ, ಬ್ಯಾಟರಿ ಚಿತ್ರದಲ್ಲಿ ಚಾರ್ಜ್ ಆಗುವ ಗುರುತು ಬರುತ್ತಾ ನೋಡಿ. 30 ಪಿನ್‌ನ ಆ ಅಗಲ ಕನೆಕ್ಟರ್‌ನಲ್ಲಿ ಹಾಡಿಗೆ ಬೇರೆ ಪಿನ್, ಕರೆಂಟಿಗೆ ಬೇರೆ ಪಿನ್. ಹಳೆ ಡಾಕ್‌ಗಳಲ್ಲಿ ಕೆಲವು ಫೈರ್‌ವೈರ್ (ಯುಎಸ್‌ಬಿ ತರಹದ ಹಳೆ ಕೇಬಲ್ ಪದ್ಧತಿ) ಪಿನ್‌ಗೆ 12 ವೋಲ್ಟ್ ಕೊಡುತ್ತವೆ. ಆದರೆ 2008ರಲ್ಲಿ ಬಂದ 4ನೇ ತಲೆಮಾರಿನ ಐಪಾಡ್ ನ್ಯಾನೋ, 2ನೇ ತಲೆಮಾರಿನ ಐಪಾಡ್ ಟಚ್‌ಗೆ ಯುಎಸ್‌ಬಿಯ 5 ವೋಲ್ಟೇ ಬೇಕು. ಹಾಗಾಗಿ ಹಾಡು ಚೆನ್ನಾಗೇ ಬರುತ್ತೆ, ಬ್ಯಾಟರಿ ಮಾತ್ರ ಇಳಿಯುತ್ತಾ ಹೋಗುತ್ತೆ. ರಾತ್ರಿ ಖಾಲಿಯಾದರೆ ಬೆಳಗ್ಗೆ ಹಾಡು ಹಾಕಿ ಎಬ್ಬಿಸುವವರು ಯಾರು? ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಪರೀಕ್ಷೆ ನಂಬಬೇಡಿ, ಅರ್ಧ ಇಳಿದಿರುವಾಗಲೇ ಮಾಡಿ. 2012ರಿಂದ ಬಂದ 7ನೇ ನ್ಯಾನೋ, 5ನೇ ಟಚ್‌ನದು ಲೈಟ್ನಿಂಗ್ ಅನ್ನುವ ಚಿಕ್ಕ ಪಿನ್, ಹಳೆ ಡಾಕ್‌ನಲ್ಲಿ ಕೂರುವುದೇ ಇಲ್ಲ. ಅಡಾಪ್ಟರ್ ಸಿಗುತ್ತೆ, ಆದರೆ ಅಗ್ಗದವು ಎಷ್ಟೋ ಬರೀ ಚಾರ್ಜ್ ಮಾಡುತ್ತವೆ, ಹಾಡು ದಾಟಿಸುವುದಿಲ್ಲ. ಐಪಾಡ್ ಷಫಲ್‌ಗಂತೂ ಡಾಕ್ ಪಿನ್ನೇ ಇಲ್ಲ. ಇದಕ್ಕೇ ನಾನು ಹೇಳೋದು, ಡಾಕ್ ಹಿಂದೆ 3.5 ಎಂಎಂ ಆಕ್ಸ್ ತೂತು (ಹೆಡ್‌ಫೋನ್ ಪಿನ್ನಿನಂಥ ವೈರಿನಿಂದ ಹಾಡು ಕೊಡುವ ಜಾಗ) ಇರುವುದನ್ನೇ ಆರಿಸಿ. ಐಪಾಡ್ ತಯಾರಿಕೆ 2022ಕ್ಕೇ ನಿಂತಿದೆ. ಪ್ಲೇಯರ್ ಕೈಕೊಟ್ಟರೂ ಆಕ್ಸ್ ಇದ್ದರೆ ಬೇರೆ ಯಾವುದನ್ನಾದರೂ ಸಿಕ್ಕಿಸಬಹುದು ಅಲ್ವಾ. ಅಮೆರಿಕದಿಂದ ಯಾರೋ ತಂದ ಡಾಕ್ ಆದರೆ ಅದರ ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ಓದಿ. ಬರೀ 120 ಅಂತಿದ್ದರೆ ನಮ್ಮ ಪ್ಲಗ್ಗಿಗೆ ಹಾಕಲೇಬೇಡಿ, ಸುಟ್ಟುಹೋಗುತ್ತೆ.